ಎರಡೂ ಕಾಲು ಅಳೆಯುತ್ತಿದ್ದ ನರ್ಸಮ್ಮ

ಅರವತ್ತರ ದಶಕದಲ್ಲಿ ಜಂಗಮಕೋಟೆಯ ಬಾಣಂತಿಯರನ್ನು ನೋಡಲು ಬರುತ್ತಿದ್ದ ನರ್ಸಮ್ಮ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಚೆನ್ನಾಗಿದ್ದೀನಿ ಎಂದರೂ, "ಬಾಯಿ ಮಾತು ಬೇಡ, ಕಾಲು ತೋರ್ಸು" ಎಂದು ಒಂದು ಕಾಲು ಇನ್ನೊಂದಕ್ಕಿಂತ ಊದಿದೆಯೇ ಎಂದು ಟೇಪಿನಿಂದ ಎರಡೂ ಮೀನಖಂಡ ಅಳೆಯುತ್ತಿದ್ದರು.

ನನಗೆ ಹೆರಿಗೆಯಾದ ಎಂಟನೇ ದಿನ ಎಡಗಾಲು ಊದಿಕೊಂಡಿತು. ನಂಜೆಂದು ಅಮ್ಮ ಎಣ್ಣೆ ಹಚ್ಚಿ ಉಜ್ಜುತ್ತಿದ್ದಾಗ ನರ್ಸಮ್ಮ ಬಂದು ಅವಳ ಕೈ ಹಿಡಿದುಕೊಂಡರು.

"ಉಜ್ಜಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರೋ ಹಂಗಿದೆ. ಬೆಂಗಳೂರಿಗೆ ಕರ್ಕೊಂಡು ಹೋಗಿ."

"ಹಸಿ ಬಾಣಂತೀನ ಬಸ್ಸಲ್ಲಿ ಕಳ್ಸಿದ್ರೆ ಈ ನರ್ಸಿಗೇನು ಲಾಭವೋ" ಎಂದು ಅಮ್ಮ ಗೊಣಗಿದಳು. ಆದರೂ ಅಪ್ಪ ಹೊರಡಿಸಿದರು.

ಅಲ್ಲಿನ ಆಸ್ಪತ್ರೆಯಲ್ಲಿ, ಫಿಲಮಿನಲ್ಲಿ ಬಿಳಿಯಾಗಿ ಕಾಣುವ ಔಷಧವನ್ನು ಪಾದದ ರಕ್ತನಾಳಕ್ಕೆ ಚುಚ್ಚಿ ಎಕ್ಸ್‌ರೇ ತೆಗೆದರು. ಫಿಲಮಿನಲ್ಲಿ ಮೇಲೇರುತ್ತಿದ್ದ ಬಿಳಿ ಗೆರೆ ಮಂಡಿಯ ಹತ್ತಿರ ನಿಂತುಬಿಟ್ಟಿತ್ತು. ಹೆಪ್ಪು ಅಲ್ಲೇ ಇತ್ತು. ಚಿಕಿತ್ಸೆ ಮುಗಿಸಿ ಮೂರು ವಾರಕ್ಕೆ ಮನೆಗೆ ಬಂದೆ.

ನರ್ಸಮ್ಮ ನೋಡಲು ಬಂದಾಗ ಅಮ್ಮ ಫಿಲಮನ್ನು ಬಾಗಿಲ ಬೆಳಕಿಗೆ ಹಿಡಿದು, "ಇದು ನಮ್ಮ ಹುಡುಗಿ ಕಾಲೇ ಅಂತ ಏನು ಗ್ಯಾರಂಟಿ?" ಎಂದಳು.

ನರ್ಸಮ್ಮ ಗೆರೆ ನಿಂತ ಕಡೆ ಬೆರಳಿಟ್ಟರು.

"ಇಂಥದೇ ಕಾಲು ಒಂದ್ಸಲ ನಾನೇ ಉಜ್ಜಿದ್ದೆ ಕಣಮ್ಮ, ಉಜ್ಜಿದ್ರೆ ಹೆಪ್ಪು ಕಿತ್ತು ಎದೆಗೇರುತ್ತೆ ಅಂತ ಗೊತ್ತಿರ್ಲಿಲ್ಲ. ಹಾಯಾಗಿದೆ ಅಂತ ಎದ್ದು ನಿಂತೋಳು ಅಲ್ಲೇ ಕುಸಿದು ಪ್ರಾಣ ಬಿಟ್ಳು."

ಅಮ್ಮ ಫಿಲಮನ್ನು ಕೆಳಗಿಟ್ಟು, ಅವರು ಕೂರಲು ಚಾಪೆ ಹಾಸಿದಳು.