ದಂಡನಾಯಕನ ಬದಲಿಗೆ

ರೋಮಿನವರು ಆಳುತ್ತಿದ್ದ ಆಫ್ರಿಕದ ಲೆಪ್ಟಿಸ್ ಪಟ್ಟಣದ ದುಭಾಷಿ ಇದ್ದಿಬಾಲನಿಗೆ ಅಂದು ಮಧ್ಯಾಹ್ನ ಊಟ ಸೇರಲಿಲ್ಲ. ಹೊಸ ಸಂತೆಕಟ್ಟೆಯ ಬಾಗಿಲ ಕಲ್ಲಿಗೆ, ರೋಮಿನವರ ಲ್ಯಾಟಿನ್ ಸಾಲಿನಡಿ ಊರಿನ ಪ್ಯೂನಿಕ್ ನುಡಿಯಲ್ಲಿ ಬರೆದುಕೊಟ್ಟವನು ಅವನೇ. ಪ್ರಾಂತ್ಯ ಆಳುವವನ ಬಿರುದು 'ಪ್ರೊ ಕಾನ್ಸುಲೆ'. ಕಾನ್ಸಲ್ ಎಂದರೆ ಒಂದು ವರ್ಷದ ಮಟ್ಟಿಗೆ ಆರಿಸಿದ ರೋಮಿನ ಮಹಾದಂಡನಾಯಕ. ಅವನ ಬದಲಿಗೆ ನಿಂತವನು ಎಂದರ್ಥ. ಇದ್ದಿಬಾಲ 'ದಂಡನಾಯಕನ ತಹತ್ ಇರುವ ನಾಯಕ' ಎಂದು ಬರೆದಿದ್ದ. ತಹತ್ ಎಂದರೆ ಬದಲಿಗೆ. ಕೆಳಗೆ ಎಂದೂ ಆಗುತ್ತದೆ. ಬೆಳಿಗ್ಗೆ ಕಲ್ಲು ಮೇಲೇರಿದ ಮೇಲೆ ಎಣ್ಣೆ ಮಾರುವ ಹನ್ನೋ ಕತ್ತೆತ್ತಿ ಓದಿದ.

"ಏನಣ್ಣ, ನಮ್ಮ ದೊರೆ ಯಾರದೋ ಕಾಲ ಕೆಳಗಿದಾನೆ ಅಂತ ಬರ್ದಿದೀಯಲ್ಲ?"

ಸಂತೆಯೆಲ್ಲ ನಕ್ಕಿತು. ಮಾತು ಬಂದರಿನವರೆಗೂ ಹೋಯಿತು. ದೊರೆ ಆಗಲೇ ಕಾರ್ತೇಜಿನಿಂದ ಬಂದಿಳಿದಿದ್ದ. ಮರುದಿನ ಅವನೇ ಕಟ್ಟೆ ತೆರೆಯಬೇಕಿತ್ತು.

ಹೆಂಡತಿ ಅರಿಷತ್ ತಟ್ಟೆ ಸರಿಸಿದಳು. "ಬೇರೆಯವ್ರ ಬಾಯಿಂದ ದೊರೆ ಕಿವಿಗೆ ಬಿದ್ರೆ ನಿಮ್ಮ ಗತಿ ಏನು? ನೀವೇ ಹೋಗಿ ಹೇಳ್ಬಿಡಿ."

ದೊರೆಯ ಬಿಡದಿಯ ಅಂಗಳದಲ್ಲಿ ಅವನನ್ನು ಬಹಳ ಹೊತ್ತು ನಿಲ್ಲಿಸಿದರು. ಒಳಗಿನಿಂದ ಯಾರೋ ನಕ್ಕ ಸದ್ದಾದಾಗಲೆಲ್ಲ ತನ್ನ ಸುದ್ದಿಯೇ ಇರಬೇಕೆಂದುಕೊಳ್ಳುತ್ತಿದ್ದ. ಕೊನೆಗೆ ಕರೆ ಬಂತು. ತೊದಲುತ್ತಲೇ ಎಲ್ಲ ಹೇಳಿ ತಲೆ ತಗ್ಗಿಸಿದ.

ಬೋಳುತಲೆಯ ಮುದಿ ದೊರೆ ಸಿಟ್ಟಾಗಲಿಲ್ಲ, ತನ್ನ ಬಿರುದಿನ ಕತೆ ಹೇಳಿದ. ಹಿಂದೊಬ್ಬ ಕಾನ್ಸಲ್ ಕಡಲತೀರದ ಊರೊಂದಕ್ಕೆ ಮುತ್ತಿಗೆ ಹಾಕಿ ಕೂತಿದ್ದನಂತೆ. ಊರು ಬೀಳುವ ಮೊದಲೇ ಅವನ ವರ್ಷದ ಅಧಿಕಾರ ಮುಗಿಯಿತು. ನಡುವೆ ಕರೆಸಿಕೊಂಡರೆ ಗೆಲುವು ಕೈತಪ್ಪೀತೆಂದು ರೋಮಿನವರು, ಕಾನ್ಸಲನ ಬದಲಿಗೆ ನೀನೇ ಇದ್ದು ಕೆಲಸ ಮುಗಿಸು ಎಂದರಂತೆ. ಬಿರುದು ಹುಟ್ಟಿದ್ದು ಹಾಗೆ.

"ಯಾರೋ ಬಿಟ್ಟ ಜಾಗದಲ್ಲಿ ನಿಂತವ್ನು ನಾನು. ಕಲ್ಲು ಹಾಗೇ ಇರ್ಲಿ," ಎಂದ. ಇದ್ದಿಬಾಲ ಉಸಿರು ಬಿಡುವಷ್ಟರಲ್ಲಿ ದೊರೆ ಕೇಳಿದ: "ಕಾಲ ಕೆಳಗೆ ಅಂತ ಮೊದ್ಲು ಅಂದೋನು ಯಾರು?"

ಹನ್ನೋನ ಹೆಸರು ನಾಲಿಗೆ ತುದಿಗೆ ಬಂತು. ಅವನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯಿದ್ದಳು.

"ನಾನೇ, ಒಡೆಯ. ಬರ್ದೋನೂ ನಾನೇ, ಹಾಗೆ ಓದಿದೋನೂ ನಾನೇ."

ದೊರೆ ಅವನನ್ನೇ ದಿಟ್ಟಿಸಿದ.

"ಹಾಗಾದ್ರೆ ನಾಳೆ ಜನರ ಮುಂದೆ ಅದನ್ನ ಓದೋನೂ ನೀನೇ. ಯಾರೂ ನಗಬಾರ್ದು."

ಮರುದಿನ ಕಲ್ಲಿನ ಕೆಳಗೆ ನಿಂತಾಗ ಅವನ ಕಣ್ಣು ಗುಂಪಿನಲ್ಲಿ ಹನ್ನೋನನ್ನೇ ಹುಡುಕಿತು. ಇದ್ದಿಬಾಲ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಸುದ್ದಿ ಅವನಿಗೂ ಮುಟ್ಟಿತ್ತೇನೋ, ನೆಲ ನೋಡುತ್ತ ನಿಂತಿದ್ದ. ಇದ್ದಿಬಾಲ ಒಂದೊಂದೇ ಪದ ಬಿಡಿಸಿ ಓದಿದ. ತಹತ್ ಎಂಬುದನ್ನೂ ಬಿಡಿಸಿಯೇ ಓದಿದ. ಯಾರೂ ನಗಲಿಲ್ಲ.