ಹತ್ತೊಂಬತ್ತು ಮಾಸ್ಟ್ರು

ಲಿಂಗಪ್ಪ ಮಾಸ್ಟ್ರನ್ನು ಕಡಬದಿಂದ ಸುಳ್ಯದವರೆಗೆ ಜನ ಒಂದು ಸಂಖ್ಯೆಯಿಂದ ಗುರುತಿಸುತ್ತಿದ್ದರು. "ಹತ್ತೊಂಬತ್ತು ಮಾಸ್ಟ್ರು ಬಂದ್ರು, ಜಾಗ ಕೊಡಿ" ಎಂದು ಬಸ್ಸಿನ ಕಂಡಕ್ಟರ್ ಕೂಗಿದರೆ ಒಳಗಿದ್ದವರು ನಗುತ್ತ ಸರಿದು ಕೂರುತ್ತಿದ್ದರು. ಮಾಸ್ಟ್ರು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಅವರ ಕಂಕುಳಲ್ಲಿ ಸದಾ ಒಂದು ಬಟ್ಟೆಯ ಚೀಲ. ಅದರೊಳಗೆ ಸಂವಿಧಾನದ ದಪ್ಪ ಇಂಗ್ಲಿಷ್ ಪ್ರತಿ ಮತ್ತು ಇನ್ನೂರು ಪುಟದ ಒಂದು ನೋಟ್ ಪುಸ್ತಕ. ಆ ನೋಟ್ ಪುಸ್ತಕದಲ್ಲಿ ಮೂಲಭೂತ ಹಕ್ಕುಗಳ ಭಾಗವನ್ನು ಅವರೇ ನಿಘಂಟು ಹಿಡಿದು, ಪುತ್ತೂರಿನ ಒಬ್ಬ ವಕೀಲರ ಹತ್ತಿರ ಸಂಶಯ ಕೇಳಿ ಕೇಳಿ, ಕನ್ನಡಕ್ಕೆ ಇಳಿಸಿಕೊಂಡಿದ್ದರು. ಮಾತಾಡುವ, ಸಭೆ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯಗಳನ್ನು ಹೇಳುವ ಹತ್ತೊಂಬತ್ತನೆಯ ವಿಧಿಯ ಪುಟ ಬೆರಳು ತಾಗಿ ತಾಗಿ ಕಂದಿಹೋಗಿತ್ತು. ಯಾರು ಬಂದು ಯಾವ ಕಷ್ಟ ಹೇಳಿಕೊಂಡರೂ ಆ ಪುಟವೇ ತೆರೆದುಕೊಳ್ಳುತ್ತಿತ್ತು.

"ಎಂತಕ್ಕೆ ಹೆದರುದು ಮಾರಾಯ್ರೆ? ಹತ್ತೊಂಬತ್ತು ಉಂಟಲ್ಲ!"

ನಾನು ಅವರನ್ನು ಮೊದಲು ಕಂಡದ್ದು ಕೊಯಿಲದ ಆಚೆಯ ಒಂದು ಶಾಲೆಯಲ್ಲಿ. ತರಬೇತಿ ಮುಗಿಸಿ ಇಪ್ಪತ್ತರ ವಯಸ್ಸಿಗೆ ಟೀಚರಾಗಿ ಹೋಗಿದ್ದೆ. ಅಲ್ಲಿ ನಾನೊಬ್ಬಳೇ ಹೆಂಗಸು. ಲಿಂಗಪ್ಪ ಮಾಸ್ಟ್ರು ಐದನೆಯ ತರಗತಿಗೆ ಪಾಠ ಮಾಡುತ್ತಿದ್ದರು. ತೆಳ್ಳಗಿನ ಆಳು, ಗಿಡ್ಡ. ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಗೇಣಿಗೆ ಗದ್ದೆ ಮಾಡುವ ಮನೆಯಿಂದ ಬಂದವರು. ಮನೆಯಲ್ಲಿ ತುಳು, ಸುಳ್ಯದವರು ಸಿಕ್ಕಿದರೆ ಅರೆಭಾಷೆ, ಸಂತೆಯಲ್ಲಿ ಬ್ಯಾರಿ, ಮಕ್ಕಳೊಡನೆ ಅಚ್ಚುಕಟ್ಟಾದ ಕನ್ನಡ.

ಆ ಶಾಲೆಯಲ್ಲಿ ಪ್ರತಿ ವರ್ಷ ಊರಿನ ಪಟೇಲರ ಮಗನೇ ಐದನೆಯ ತರಗತಿಯ ಲೀಡರ್. ಅದು ಹೆಡ್‌ಮಾಸ್ಟ್ರು ಮಾಡಿದ ಏರ್ಪಾಡು. ಹುಡುಗ ಎರಡು ಸಲ ನಪಾಸಾಗಿದ್ದರಿಂದ ಏರ್ಪಾಡು ಮುಂದುವರಿಯುತ್ತಲೇ ಇತ್ತು. ನಾನು ಸೇರಿದ ವರ್ಷ ಲಿಂಗಪ್ಪ ಮಾಸ್ಟ್ರು ಎರಡು ಮಣ್ಣಿನ ಮಡಕೆ ತಂದು ಹಳೆಯ ಸೀರೆಯೊಂದರ ಹಿಂದೆ ಇಟ್ಟರು. ಒಂದರ ಮೇಲೆ ಪಟೇಲರ ಮಗನ ಹೆಸರು, ಇನ್ನೊಂದರ ಮೇಲೆ ಕಮಲ ಎಂಬ ಹುಡುಗಿಯ ಹೆಸರು. ಅವಳ ಅಮ್ಮ ಪಟೇಲರ ಮನೆಯಲ್ಲೇ ಕೆಲಸಕ್ಕಿದ್ದವಳು. ಪ್ರತಿ ಮಗುವಿನ ಕೈಗೆ ಒಂದೊಂದು ಹುಣಸೆ ಬೀಜ. ಸೀರೆಯ ಹಿಂದೆ ಹೋಗಿ ಬೀಜ ಹಾಕಿ ಬರಬೇಕು, ಯಾರಿಗೂ ಹೇಳಬಾರದು. ಕಮಲ ಗೆದ್ದಳು. ಪಟೇಲರ ಮಗನ ಮಡಕೆಯಲ್ಲಿದ್ದದ್ದು ನಾಲ್ಕೇ ಬೀಜ.

ಮರುದಿನ ಪಟೇಲರು ಶಾಲೆಗೆ ಬಂದರು. ಹೆಡ್‌ಮಾಸ್ಟ್ರು ಕುರ್ಚಿ ಬಿಟ್ಟು ಎದ್ದು ನಿಂತರು.

"ಇದೆಂತ ಮಾಸ್ಟ್ರೆ, ಶಾಲೆಯಲ್ಲಿ ರಾಜಕೀಯ?"

"ಮಕ್ಕಳು ಹಾಕಿದ ಓಟು ಧನಿಗಳೇ" ಎಂದರು ಲಿಂಗಪ್ಪ ಮಾಸ್ಟ್ರು. "ಬರುವ ವರ್ಷ ಪುನಃ ಉಂಟು. ಸಣ್ಣ ಮಕ್ಕಳನ್ನು ದೂಡಿ ಹಾಕುದು ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಮಗನಿಗೆ ಹೇಳಿ. ಖಂಡಿತ ಗೆಲ್ತಾನೆ."

ನನಗೆ ನಗು ತಡೆಯಲಾಗದೆ ಕಪ್ಪು ಹಲಗೆಯ ಕಡೆಗೆ ತಿರುಗಿ ನಿಂತೆ.

ಪಟೇಲರು ಅದನ್ನು ಮರೆಯಲಿಲ್ಲ. ಅದೇ ವರ್ಷ ಗೇಣಿಯವರು ಒಟ್ಟು ಸೇರಿ ಮಾತಾಡುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ, ತಮ್ಮ ಅಪ್ಪಣೆ ಇಲ್ಲದೆ ಸಂತೆಯ ಮೈದಾನದಲ್ಲಿ ಯಾರೂ ಸಭೆ ಸೇರಕೂಡದೆಂದು ಡೋಲು ಹೊಡೆಸಿದರು. ಮುಂದಿನ ಆದಿತ್ಯವಾರ ಮಾಸ್ಟ್ರು ಆ ಮೈದಾನದ ನಡುವೆ ಚಾಪೆ ಹಾಸಿ ಕೂತು ನೋಟ್ ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದರು. ಮೊದಲು ಕೇಳಲು ಬಂದದ್ದು ಏಳು ಮಂದಿ. ಸಂಜೆಯಾಗುವಾಗ ಚಾಪೆಯ ಸುತ್ತ ನಿಲ್ಲಲು ಜಾಗವಿರಲಿಲ್ಲ. ಪಟೇಲರ ಆಳುಗಳು ದೂರ ನಿಂತು ನೋಡಿ ಹೋದರು.

ವಾರದೊಳಗೆ ಇಲಾಖೆಯಿಂದ ಮೆಮೊ ಬಂತು. ನೌಕರಿಯಲ್ಲಿರುವವರು ರಾಜಕೀಯ ಮಾಡಬಾರದೆಂಬುದು ನಿಯಮ. ಮಾಸ್ಟ್ರು ಅದರ ವಿರುದ್ಧ ಜಗಳಕ್ಕೆ ಹೋಗಲಿಲ್ಲ. "ನಿಯಮ ಸರಿಯೇ ಉಂಟು ಟೀಚರೇ. ಪಾಠ ಮಾಡುವವ ಎಲ್ಲ ಮಕ್ಕಳಿಗೂ ಬೇಕು. ಹಾಗಾದರೆ ಬಿಡಬೇಕಾದ್ದು ಪಾಠವನ್ನು" ಎಂದು ಅಲ್ಲೇ ನನ್ನ ಮೇಜಿನ ಮೇಲೆ ಕಾಗದವಿಟ್ಟು ರಾಜೀನಾಮೆ ಬರೆದರು. ಆಮೇಲೆ ಐದನೆಯ ತರಗತಿಗೆ ಹೋಗಿ ಆ ದಿನದ ಪಾಠ ಮುಗಿಸಿಯೇ ಹೊರಟರು. ಮಕ್ಕಳೆಂದರೆ ಅವರಿಗೆ ಪ್ರಾಣ.

ಅವರ ಹೆಂಡತಿ ದೇವಕಿಯಕ್ಕನ ಬಳಿ ನಾನು ಆತಂಕದಿಂದಲೇ ಹೋಗಿದ್ದೆ. ಅವರು ಬಸಳೆ ಚಪ್ಪರದಡಿ ನಿಂತು ಹೇಳಿದರು: "ಇವರು ಶಾಲೆಯಲ್ಲಿದ್ದಾಗಲೂ ಮನೆಯಲ್ಲಿ ಇರ್ಲಿಲ್ಲ, ಈಗಲೂ ಇರುದಿಲ್ಲ. ನನಗೆಂತ ವ್ಯತ್ಯಾಸ?" ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಹೀಗೆ ಹುಟ್ಟಿದ್ದು ಕೂಟ. ಅದಕ್ಕೆ ಬೇರೆ ಹೆಸರೇ ಇರಲಿಲ್ಲ. ಒಬ್ಬ ದರ್ಜಿ, ಇಬ್ಬರು ಗೇಣಿಯವರು, ಪುತ್ತೂರಿನ ಆ ವಕೀಲರು, ಒಣಮೀನು ಮಾರುವ ಒಬ್ಬ ಬ್ಯಾರಿ, ಹೀಗೆ ಹತ್ತಿಪ್ಪತ್ತು ಮಂದಿ. ಯಾರ ಸಭೆಗೆ ಅಡ್ಡಿ ಬಂದರೂ, ಯಾರನ್ನು ಕಾರಣ ಹೇಳದೆ ಠಾಣೆಯಲ್ಲಿ ಕೂರಿಸಿದರೂ ಹೋಗಿ ಕೇಳುವುದು ಅವರ ಕೆಲಸ. ಆಗ ಸುಳ್ಯ, ಕಡಬ ಎಲ್ಲವೂ ಪುತ್ತೂರು ತಾಲೂಕಿನೊಳಗೇ ಇದ್ದವು. ಮಾಸ್ಟ್ರು ಅಷ್ಟನ್ನೂ ಹೆಚ್ಚಾಗಿ ನಡೆದೇ ಸುತ್ತಿದರು. ದೊಡ್ಡ ಪಕ್ಷಗಳವರು ಒಬ್ಬರಾದ ಮೇಲೊಬ್ಬರು ಕರೆಯಲು ಬಂದರು. ಎಲ್ಲರಿಗೂ ಚಾ ಕೊಟ್ಟು ಒಂದೇ ಉತ್ತರ ಕೊಟ್ಟರು: "ನಿಮ್ಮ ಮೆರವಣಿಗೆ ತಡೆದರೆ ನಾನು ನಿಮ್ಮ ಜೊತೆ ನಡೀತೇನೆ. ನಾಳೆ ನೀವು ಅವರದ್ದು ತಡೆದರೆ ಅವರ ಜೊತೆ ನಡೀತೇನೆ. ಮೆಂಬರಾದರೆ ಅದು ಆಗುದಿಲ್ಲ ಮಾರಾಯ್ರೆ."

ಒಮ್ಮೆ ಪಕ್ಷೇತರರಾಗಿ ಚುನಾವಣೆಗೂ ನಿಂತರು. ಸುಳ್ಯದ ಪ್ರಚಾರ ಸಭೆಯಲ್ಲಿ ಹಸನಬ್ಬ ಎಂಬವನು ಎದ್ದು ನಿಂತ. ಬೀಡಿ ಕಟ್ಟುವವರ ಮುಖಂಡ, ಕೆಂಪು ಬಾವುಟದವನು, ಒಳ್ಳೆಯ ಮಾತುಗಾರ. "ಈ ಮನುಷ್ಯ ಧನಿಗಳ ಏಜೆಂಟ್. ಹಸಿದವನಿಗೆ ಪುಸ್ತಕ ತೋರಿಸಿ ಮಲಗಿಸುವವ" ಎಂದು ಕೂಗಿದ. ಅವನ ಕಡೆಯವರು ಗದ್ದಲವೆಬ್ಬಿಸಿದರು. ಕೊನೆಗೆ ಹಸನಬ್ಬನೇ ಒಂದು ಹಿಡಿ ಸೆಗಣಿ ಎತ್ತಿ ಎಸೆದ. ಅದು ಮಾಸ್ಟ್ರ ಬಿಳಿ ಅಂಗಿಯ ಎದೆಗೇ ಬಿತ್ತು. ಸಭೆ ಮುರಿಯಿತು. ಚುನಾವಣೆಯಲ್ಲಿಯೂ ಮಾಸ್ಟ್ರು ಸೋತರು. ಸೋತ ಮರುದಿನ ಏನೂ ಆಗದವರಂತೆ ಉಪ್ಪಿನಂಗಡಿಯ ಕಡೆ ಯಾರದೋ ಕಷ್ಟ ಕೇಳಲು ಹೋಗಿದ್ದರು.

ಆಮೇಲೆ ಚೀನಾದ ಯುದ್ಧ ಬಂತು. ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಕೆಲವು ವಾರಗಳಲ್ಲಿ ಹಸನಬ್ಬನನ್ನು ಹಿಡಿದೊಯ್ದರು. ಯಾಕೆಂದು ಹೇಳಲಿಲ್ಲ, ಎಲ್ಲಿಗೆಂದೂ ಹೇಳಲಿಲ್ಲ. ಊರಿನಲ್ಲಿ "ದೇಶದ್ರೋಹಿ" ಎಂಬ ಮಾತು ಹಬ್ಬಿತು. ಅವನ ಸಂಗಡಿಗರೇ ಮನೆಯೊಳಗೆ ಸೇರಿಕೊಂಡರು.

ಮಾಸ್ಟ್ರು ಸುಳ್ಯಕ್ಕೆ ಹೋಗಿ ಅವನ ಹೆಂಡತಿ ಐಸಮ್ಮನನ್ನು ಕಂಡು, ಅಲ್ಲಿಂದ ನೇರ ನನ್ನ ಶಾಲೆಗೆ ಬಂದರು. ಅವರು ಅಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ.

"ಹತ್ತೊಂಬತ್ತು ಈಗ ಅಮಾನತಿನಲ್ಲಿ ಉಂಟು ಟೀಚರೇ. ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿದೆ ಅಂತ ವಕೀಲರು ಹೇಳಿದ್ರು."

"ಹಾಗಾದ್ರೆ ಎಂತ ಮಾಡುದು?"

"ಕೇಳುದು. ಕೇಳಬಾರದು ಅಂತ ಎಲ್ಲಿಯೂ ಬರೆದಿಲ್ಲ. ಅವ ಎಲ್ಲಿದ್ದಾನೆ, ಯಾಕೆ ಹಿಡಿದದ್ದು, ಹೆಂಡತಿಗೆ ನೋಡ್ಲಿಕ್ಕೆ ಬಿಡಿ. ಇಷ್ಟೇ."

ಇಷ್ಟನ್ನೇ ಕೇಳಿ ಮಾಸ್ಟ್ರು ಬರೆದ ಅರ್ಜಿಗೆ ಸಹಿ ಹಾಕುವವರು ಸಿಗಲಿಲ್ಲ. ಕೂಟದವರಲ್ಲೇ ಅರ್ಧದಷ್ಟು ಜನ ಹಿಂದೆ ಸರಿದರು. ಅವರಲ್ಲಿ ಕೆಲವರ ಮಕ್ಕಳು ಸೈನ್ಯದಲ್ಲಿದ್ದರು. ಅವರ ಸಿಟ್ಟನ್ನು ಮಾಸ್ಟ್ರು ತಪ್ಪೆನ್ನಲಿಲ್ಲ. ಕಡಬದಲ್ಲಿ ಯಾರೋ ಕಲ್ಲು ಹೊಡೆದು ಅವರ ಹಣೆ ಒಡೆಯಿತು. ಬಟ್ಟೆ ಕಟ್ಟಿಕೊಂಡೇ ಮನೆಯಿಂದ ಮನೆಗೆ ತಿರುಗಿದರು. ಹತ್ತು ಸಹಿಗಳಾದವು. ಪುತ್ತೂರಿನ ಅಧಿಕಾರಿಯ ಬಳಿಗೆ ಹೋಗುವ ದಿನ, ಐಸಮ್ಮನ ಜೊತೆಗೆ ಹೆಂಗಸೊಬ್ಬಳು ಇರಲಿ ಎಂದು ನಾನು ರಜೆ ಹಾಕಿ ಹೋದೆ. ಕಚೇರಿಯ ಜಗಲಿಯಲ್ಲಿ ಕೂತು ಅರ್ಜಿ ಓದಿ, ಮಾಸ್ಟ್ರ ಪೆನ್ನು ಕೇಳಿದೆ.

"ಬೇಡ ಟೀಚರೇ" ಎಂದರು. "ನಿಮ್ಮದು ನೌಕರಿ. ಮನೆಯಲ್ಲಿ ಅಮ್ಮ ಇದ್ದಾರೆ, ತಂಗಿಯರಿದ್ದಾರೆ."

ಪಕ್ಕದಲ್ಲಿ ಐಸಮ್ಮ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಪೆನ್ನು ತೆಗೆದುಕೊಂಡು ಹನ್ನೊಂದನೆಯ ಹೆಸರು ಬರೆದೆ.

ಅಧಿಕಾರಿ ಮಧ್ಯವಯಸ್ಸಿನವರು, ಸಿಡುಕಿನ ಮನುಷ್ಯರಂತೇನೂ ಇರಲಿಲ್ಲ. ಅರ್ಜಿಯನ್ನು ಎರಡು ಸಲ ಓದಿದರು.

"ನಿಮ್ಮದು ಯಾವ ಪಕ್ಷ?"

"ಪಕ್ಷ ಇಲ್ಲ ಸ್ವಾಮಿ."

"ಈ ಹಸನಬ್ಬ ನಿಮ್ಮ ಸ್ನೇಹಿತನೋ?"

"ಅಲ್ಲ. ತುಂಬಿದ ಸಭೆಯಲ್ಲಿ ನನ್ನ ಮೇಲೆ ಸೆಗಣಿ ಬಿಸಾಡಿದವ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮತ್ತೆ ನೀವು ಯಾಕೆ ಬಂದದ್ದು?"

"ಸ್ವಂತ ಅಣ್ಣನೋ ತಮ್ಮನೋ ಆಗಿದ್ದರೆ ಯಾರಾದರೂ ಬರ್ತಾರೆ ಸ್ವಾಮಿ. ಅವನ ಮಾತು ನನಗೆ ಆಗುದಿಲ್ಲ. ಆದರೆ ಅವ ಮಾತಾಡಬೇಕು, ನಾನು ಉತ್ತರ ಕೊಡಬೇಕು. ನೀವು ಅವನನ್ನು ಒಳಗೆ ಹಾಕಿದರೆ ನಾನು ಯಾರಿಗೆ ಉತ್ತರ ಕೊಡುದು? ತಪ್ಪು ಮಾಡಿದ್ದರೆ ಹೇಳಿ, ಶಿಕ್ಷೆ ಕೊಡಿ. ಇವಳಿಗೆ ಗಂಡ ಬದುಕಿದ್ದಾನಾ ಅಂತ ಸಹ ಗೊತ್ತಿಲ್ಲ."

ಬಿಡುಗಡೆ ತಮ್ಮ ಕೈಯಲ್ಲಿಲ್ಲ ಎಂದರು ಅಧಿಕಾರಿ. ಆದರೆ ಅವನು ಯಾವ ಜೈಲಿನಲ್ಲಿದ್ದಾನೆಂದು ತಿಳಿಸಿ, ಹೆಂಡತಿ ನೋಡಲು ಅನುಮತಿ ಕೊಡಬೇಕೆಂದು ನಮ್ಮೆದುರೇ ಶಿಫಾರಸು ಬರೆದರು. ಹೊರಗೆ ಬಂದ ಐಸಮ್ಮ ಜಗಲಿಯ ಕಂಬ ಹಿಡಿದುಕೊಂಡು ಮೊದಲ ಬಾರಿಗೆ ಅತ್ತಳು.

ಹದಿನೈದು ದಿನಗಳ ನಂತರ ಅವಳು ಗಂಡನನ್ನು ನೋಡಿ ಬಂದಳು. ಹಲವು ತಿಂಗಳಾದ ಮೇಲೆ ಅವನನ್ನು ಬಿಟ್ಟರು. ನಮ್ಮ ಅರ್ಜಿಯಿಂದಲೇ ಬಿಟ್ಟರೆಂದು ಮಾಸ್ಟ್ರು ಯಾವತ್ತೂ ಹೇಳಿಕೊಳ್ಳಲಿಲ್ಲ.

ಹಸನಬ್ಬ ಬಿಡುಗಡೆಯಾಗಿ ನೇರ ಮಾಸ್ಟ್ರ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಸೊರಗಿ ಹೋಗಿದ್ದ. ದೇವಕಿಯಕ್ಕ ಕೊಟ್ಟ ಗಂಜಿ ಉಂಡು, ಕೈ ತೊಳೆದು, ಜಗಲಿಯಲ್ಲಿ ಮಾಸ್ಟ್ರ ಎದುರು ಕೂತು ಹೇಳಿದ: "ನೋಡಿ ಮಾಸ್ಟ್ರೆ, ನೀವು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುದಿಲ್ಲ. ಆದರೆ ನಿಮ್ಮ ಪುಸ್ತಕದಿಂದ ಬಡವನ ಹೊಟ್ಟೆ ತುಂಬುದಿಲ್ಲ. ಅದನ್ನು ನಾನು ಈಗಲೂ ಹೇಳ್ತೇನೆ."

ಮಾಸ್ಟ್ರ ಮುಖ ಅರಳಿತು. "ಹೇಳು, ಹೇಳು. ಎಷ್ಟು ಸಮಯ ಆಯ್ತು ನಿನ್ನ ಬೈಗಳು ಕೇಳದೆ!" ಎಂದು ಚಾಪೆ ಎಳೆದು ಹತ್ತಿರ ಕೂತರು. ಇಬ್ಬರೂ ಸಂಜೆಯವರೆಗೆ ಜಗಳವಾಡಿದರು. ಮುಂದಿನ ಸಭೆಯಲ್ಲಿ ಹಸನಬ್ಬ ಅವರನ್ನು ಮೊದಲಿನಷ್ಟೇ ಖಾರವಾಗಿ ಟೀಕಿಸಿದ. ಸೆಗಣಿ ಮಾತ್ರ ಎಸೆಯಲಿಲ್ಲ.

ನನ್ನ ಸಹಿಯ ಫಲ ನನಗೂ ಬಂತು. ಮೊದಲು ಮೆಮೊ, ಆಮೇಲೆ ವರ್ಗ. ಸುಳ್ಯದಿಂದಲೂ ಒಳಗೆ, ಬಸ್ಸಿಳಿದು ಎರಡು ಗಂಟೆ ನಡೆಯಬೇಕಾದ, ಗುಡ್ಡದ ಮೇಲಿನ ಶಾಲೆ. ಇಪ್ಪತ್ತಮೂರು ಮಕ್ಕಳು, ನಾನೊಬ್ಬಳೇ ಟೀಚರ್.

ಲಿಂಗಪ್ಪ ಮಾಸ್ಟ್ರು ಕೊನೆಯ ಸಲ ನನಗೆ ಸಿಕ್ಕಿದ್ದು ಅಲ್ಲಿ. ಆ ವೇಳೆಗೆ ಅವರಿಗೆ ದಮ್ಮಿನ ಕಾಯಿಲೆ ಹೆಚ್ಚಾಗಿತ್ತು. ಆ ಗುಡ್ಡವನ್ನು ಹೇಗೆ ಹತ್ತಿದರೋ! ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಬೆಂಚಿನ ಮೇಲೆ ಕೂರಿಸಿ ನೀರು ಬೆಲ್ಲ ಕೊಟ್ಟೆ. ಉಸಿರು ಸರಿಯಾಗಲು ಬಹಳ ಹೊತ್ತು ಬೇಕಾಯಿತು.

"ಕ್ಷಮೆ ಕೇಳ್ಲಿಕ್ಕೆ ಬಂದದ್ದು ಟೀಚರೇ" ಎಂದರು. "ನನ್ನಿಂದ ನಿಮಗೆ ಈ ಕಾಡು ಬಂತು. ಅವತ್ತು ನಾನು ಪೆನ್ನು ಕೊಡಬಾರದಿತ್ತು."

ಎಷ್ಟೋ ವರ್ಷ ಅವರ ಮಾತಿಗೆ ತಲೆಯಾಡಿಸಿದವಳು ನಾನು. ಅವತ್ತು ಮಾತ್ರ ಸಿಟ್ಟು ಬಂತು.

"ನೀವು ಬೇಡ ಅಂದಿರಿ ಮಾಸ್ಟ್ರೆ. ಹಾಕಿದ್ದು ನಾನು. ಆ ಸಹಿ ನನ್ನದು. ಅದನ್ನೂ ನೀವು ತಗೊಂಡು ಹೋಗಬೇಡಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಮೆಲ್ಲನೆ ಎದ್ದು, ಮಕ್ಕಳೆಲ್ಲ ನೋಡುತ್ತಿರುವಾಗ, ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಆ ಮನುಷ್ಯ ನನಗೆ ಕೈ ಮುಗಿದರು.

"ಆಯ್ತು" ಎಂದರು. "ಹಾಗಾದ್ರೆ ಕ್ಷಮೆ ಕೇಳುದಿಲ್ಲ."

ಮಕ್ಕಳು ಗುಡ್ಡದ ಬುಡದವರೆಗೂ ಅವರ ಜೊತೆ ಹೋದರು. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಕಾಗದ ಬರೆದು ತಿಳಿಸಿದವನು ಹಸನಬ್ಬ. ನಾನು ಆ ಶಾಲೆಯಿಂದ ವರ್ಗ ಕೇಳಲೇ ಇಲ್ಲ. ಹದಿನಾಲ್ಕು ವರ್ಷ ಅಲ್ಲೇ ಇದ್ದೆ. ಹೊಸಬರು ಯಾರಾದರೂ ಬಂದು "ಪಾಪ, ಟೀಚರಿಗೆ ಈ ಕಾಡು ಯಾಕೆ ಸಿಕ್ಕಿತು?" ಎಂದು ಕೇಳಿದರೆ, ಕುರ್ಚಿ ಕೊಟ್ಟು ಕೂರಿಸಿ, ಮೊದಲಿನಿಂದ ಹೇಳುತ್ತಿದ್ದೆ.