ಮೊದಲ ಹೆಸರು ಮೇಸ್ತ್ರಿಯದು

ಎಪ್ಪತ್ತರ ದಶಕದಲ್ಲಿ ಮಂಡ್ಯದ ಹತ್ತಿರ ಭತ್ತದ ಸಂಶೋಧನೆ ನಡೆಯುತ್ತಿದ್ದ ಕೇಂದ್ರವೊಂದರಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಎರಡು ಕೋಣೆ, ಏಳೆಂಟು ಬೀರು, ಬೈಂಡ್ ಮಾಡಿಸಿಟ್ಟ ಪತ್ರಿಕೆಗಳು. ಓದಲು ಬರುವವರು ಕಡಿಮೆ. ತಪ್ಪದೆ ಬರುತ್ತಿದ್ದವರು ಮಳವಳ್ಳಿ ಕಡೆಯ ಒಬ್ಬ ವಿಜ್ಞಾನಿ. ಭತ್ತದ ಬೆಂಕಿರೋಗದ ಮೇಲೆ ಅವರ ಕೆಲಸ. ಗರಿಯ ಮೇಲೆ ಚುಕ್ಕೆ ಬಿದ್ದು, ವಾರ ಕಳೆಯುವುದರೊಳಗೆ ಗದ್ದೆಯೆಲ್ಲ ಸುಟ್ಟಂತೆ ಕಾಣುವ ರೋಗ ಅದು. ಕೆಸರು ಮೆತ್ತಿದ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು.

ಒಂದು ವರ್ಷ ಬಡ್ತಿಯ ಸಮಯಕ್ಕೆ ಮೇಲಿನ ಕಚೇರಿಯಿಂದ ಹೊಸ ನಮೂನೆಯ ಫಾರಂ ಬಂತು. ಅಲ್ಲಿಯವರೆಗೆ ಎಷ್ಟು ವರ್ಷ ಸೇವೆ, ಎಷ್ಟು ಲೇಖನ ಎಂದು ಬರೆದರೆ ಸಾಕಿತ್ತು. ಈಗ ನಿಮ್ಮ ಲೇಖನವನ್ನು ಬೇರೆ ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ, ನೀವು ಯಾರ ಯಾರ ಜೊತೆ ಸೇರಿ ಬರೆದಿದ್ದೀರಿ ಎಂದೆಲ್ಲ ಕೇಳಿದ್ದರು. ಆ ಲೆಕ್ಕ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಒಬ್ಬೊಬ್ಬರಿಗೂ ಒಂದೊಂದು ಹಾಳೆ ಮಾಡಿದೆ. ನಡುವೆ ಅವರ ಹೆಸರು, ಸುತ್ತ ಜೊತೆಯಲ್ಲಿ ಬರೆದವರ ಹೆಸರು, ಹೆಸರಿನಿಂದ ಹೆಸರಿಗೆ ಗೆರೆ. ಉಳಿದ ವಿಜ್ಞಾನಿಗಳ ಹಾಳೆಗಳು ಬಲೆಯ ಹಾಗೆ ತುಂಬಿಹೋದವು. ಅದೇ ಐದಾರು ಹೆಸರು ಒಬ್ಬರಿಂದೊಬ್ಬರಿಗೆ ಓಡಾಡಿಕೊಂಡಿದ್ದವು. ಮಳವಳ್ಳಿಯವರ ಹಾಳೆಯಲ್ಲಿ ಇದ್ದದ್ದು ಒಂದೇ ಗೆರೆ, ಇಬ್ಬನಿಯ ಮೇಲೆ ಬರೆದ ಲೇಖನದ್ದು. ಅದರ ಆಚೆ ತುದಿಯ ಹೆಸರು ನಾನು ಕೇಳಿದ್ದಲ್ಲ. ಬೆಂಗಳೂರಿನ ಯಾರೋ ಪ್ರೊಫೆಸರ್ ಇರಬೇಕು ಅಂದುಕೊಂಡೆ.

ಉಲ್ಲೇಖಗಳ ದಪ್ಪ ದಪ್ಪ ಸೂಚಿಗಳು ಬೆಂಗಳೂರಿನ ದೊಡ್ಡ ಗ್ರಂಥಾಲಯವೊಂದರಲ್ಲಿ ಇದ್ದವು. ಬೆಳಗಿನ ರೈಲು ಹಿಡಿದು ಹೋದೆ. ಇರುವೆ ಸಾಲಿನಂಥ ಅಕ್ಷರ. ಮಳವಳ್ಳಿಯವರ ಹೆಸರಿನ ಕೆಳಗೆ ಸಿಕ್ಕಿದ್ದು ಮೂರು ಸಾಲು. ಹದಿನೈದು ವರ್ಷ ಗದ್ದೆಯಲ್ಲಿ ನಿಂತವರಿಗೆ ಮೂರು ಸಾಲು. ಹಿಂದಿರುಗುವಾಗ ಮದ್ದೂರು ದಾಟಿದರೂ ಇದನ್ನು ಹೇಗೆ ಹೇಳುವುದೆಂದು ತೋಚಿರಲಿಲ್ಲ.

ಮರುದಿನ ಚೀಟಿ ಕೊಟ್ಟೆ. ಅವರು ಓದಿ, "ಇಬ್ಬನಿ ಲೇಖನ ನೋಡಿದ್ರಾ?" ಎಂದರು.

"ಅದು ನಿಮ್ಮ ಹೆಸರಿನಲ್ಲಿ ಇರಲಿಲ್ಲ ಸಾರ್."

"ಇರಲ್ಲಮ್ಮ. ಆ ಸೂಚೀಲಿ ಬರೆದವರಲ್ಲಿ ಮೊದಲನೇ ಹೆಸರು ಮಾತ್ರ ಹಾಕ್ತಾರೆ. ಅದರಲ್ಲಿ ಮೊದಲನೇ ಹೆಸರು ಅವರದು." ಕಿಟಕಿಯಾಚೆ ಕೈ ತೋರಿಸಿದರು. ಅಲ್ಲಿ ಪಂಚೆ ಎತ್ತಿ ಕಟ್ಟಿದ ನಮ್ಮ ಗದ್ದೆ ಮೇಸ್ತ್ರಿ ಬದುವಿಗೆ ಮಣ್ಣು ಮೆತ್ತಿಸುತ್ತ ನಿಂತಿದ್ದರು.

ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರಿಂದ ಅವರ ಹೆಸರು ನನಗೆ ಗೊತ್ತೇ ಇರಲಿಲ್ಲ. ಮೇಸ್ತ್ರಿ ಕೆರಗೋಡಿನವರು, ಐದನೇ ಕ್ಲಾಸು ಓದಿದವರು, ಇನ್ನೂ ದಿನಗೂಲಿ. ತೆಂಗಿನ ಸಾಲಿನ ನೆರಳು ಬಿದ್ದು ಇಬ್ಬನಿ ತಡವಾಗಿ ಆರುವ ಕಡೆಯೇ ರೋಗ ಮೊದಲು ಹತ್ತುತ್ತದೆ ಎಂದು ಕಂಡುಹಿಡಿದವರು ಅವರು. ಬರೀ ಹೇಳಿ ಬಿಟ್ಟಿರಲಿಲ್ಲ. ಎರಡು ಬೆಳೆಯುದ್ದಕ್ಕೂ ಹೊತ್ತು ಮೂಡುವ ಮೊದಲೇ ಗದ್ದೆಗಿಳಿದು, ಯಾವ ಮಡಿ ಎಷ್ಟು ಹೊತ್ತಿಗೆ ಆರಿತೆಂದು ಬರೆದಿಟ್ಟಿದ್ದರು. ಮಳವಳ್ಳಿಯವರು ಅದನ್ನು ಪರೀಕ್ಷಿಸಿ ಎರಡು ಪುಟದ ಲೇಖನ ಮಾಡಿದ್ದರು.

ಮತ್ತೆ ಬೆಂಗಳೂರಿಗೆ ಹೋದೆ. ಮೇಸ್ತ್ರಿಯ ಹೆಸರಿನ ಕೆಳಗೆ ಸಾಲುಗಳು ಇಳಿಯುತ್ತಲೇ ಹೋದವು. ಜಪಾನು, ಫಿಲಿಪೈನ್ಸು, ಕಟಕ್. ನಮ್ಮ ಕೇಂದ್ರದ ಇನ್ನಾವ ಲೇಖನಕ್ಕೂ ಅಷ್ಟು ಇರಲಿಲ್ಲ. ಒಂದು ಸಾಲೂ ಬಿಡದೆ ನಕಲು ಮಾಡಿಕೊಂಡೆ.

ಕೇಂದ್ರದ ಮುಖ್ಯಸ್ಥರು ಪಟ್ಟಿ ನೋಡಿ ಮಳವಳ್ಳಿಯವರನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. "ಕೂಲಿಯವನ ಹೆಸರು ಮೊದಲು ಅಂದರೆ ಸಮಿತಿಯವರು ನಗ್ತಾರೆ. ಅಚ್ಚಿನಲ್ಲಿ ಹೆಸರು ಹಿಂದುಮುಂದಾಗಿದೆ ಅಂತ ಒಂದು ಕಾಗದ ಬರೆದುಕೊಡಿ. ಅಷ್ಟೂ ನಿಮ್ಮ ಲೆಕ್ಕಕ್ಕೆ ಬರುತ್ತೆ" ಎಂದರು.

"ಹಿಂದುಮುಂದಾಗಿಲ್ಲವಲ್ಲ ಸಾರ್" ಎಂದರು ಮಳವಳ್ಳಿಯವರು.

ಸುದ್ದಿ ಗದ್ದೆಗೆ ಮುಟ್ಟಿತು. ಸಂಜೆ ಮೇಸ್ತ್ರಿ ಲೈಬ್ರರಿ ಬಾಗಿಲಿಗೆ ಬಂದರು. ಮಳವಳ್ಳಿಯವರೂ ಒಳಗಿದ್ದರು.

"ನನ್ನೆಸ್ರು ತಗ್ದಾಕ್ಬುಡಿ ಸಾ. ಅದ್ರಿಂದ ನನಗೇನಾಗ್ಬೇಕು? ನಿಮಗೆ ಮಕ್ಳವ್ರೆ."

"ಇಬ್ಬನಿ ಆರದೆ ಇದ್ದದ್ದನ್ನ ನೋಡಿದ್ದು ಯಾರು, ಮೇಸ್ತ್ರಿ?"

"ನಾನೇಯ. ಆದ್ರೆ ಬರ್ದೋರು ನೀವಲ್ವಾ?"

"ಬರೆಯೋದು ಯಾರಾದ್ರೂ ಬರೀತಾರೆ. ಬುಡಿ ಈ ಮಾತ."

ಆಮೇಲೆ ಮೇಸ್ತ್ರಿ ನನ್ನ ಕಡೆ ತಿರುಗಿ, "ಅದೇನು ಪಟ್ಟಿ ಓದವ್ವ, ಕೇಳಾವ" ಎಂದರು. ನಾನು ಒಂದೊಂದೇ ಊರು, ದೇಶ ಓದಿದೆ. ಜಪಾನು ಬಂದಾಗ ತಡೆದರು.

"ಅಲ್ಲೂ ಬೆಂಕಿ ಬಿದ್ದದಾ?"

"ಹೌದಂತೆ."

"ಅವ್ರ ಗದ್ದೆ ಮಗ್ಗುಲಲ್ಲೂ ಮರ ಅವ್ಯಾ?"

ನನಗೆ ಗೊತ್ತಿರಲಿಲ್ಲ. ಮಳವಳ್ಳಿಯವರು ಬೀರುವಿನಿಂದ ಆ ಪತ್ರಿಕೆ ತೆಗೆದು ಚಿತ್ರ ತೋರಿಸಿದರು. ಅಲ್ಲಿ ಮರವಲ್ಲ, ಬೆಟ್ಟದ ನೆರಳು. ಇಬ್ಬರೂ ಅದರ ಮೇಲೆ ಬಗ್ಗಿ ನಿಂತು, ಬೆಟ್ಟ ಯಾವ ದಿಕ್ಕಿಗಿದೆ ಎಂದು ಮಾತಿಗಿಳಿದರು. ಬಡ್ತಿಯ ವಿಷಯ ಆಮೇಲೆ ಎತ್ತಲಿಲ್ಲ.

ಫಾರಂ ಇದ್ದದ್ದು ಇದ್ದ ಹಾಗೆ ಹೋಯಿತು. ಇಬ್ಬನಿ ಲೇಖನದ ಉಲ್ಲೇಖಗಳನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೆ. ಯಾರೂ ನೋಡಿದಂತಿಲ್ಲ. ಬಡ್ತಿ ಬಲೆಯಂಥ ಹಾಳೆಯ ಇನ್ನೊಬ್ಬರಿಗೆ ಸಿಕ್ಕಿತು. ಆದೇಶ ಬಂದ ದಿನ ಮಳವಳ್ಳಿಯವರು ಲೈಬ್ರರಿಗೆ ಬಂದು, ಪತ್ರಿಕೆಯೊಂದನ್ನು ತೆರೆದಿಟ್ಟುಕೊಂಡು, ಬಹಳ ಹೊತ್ತು ಪುಟ ಮಗುಚದೆ ಕೂತಿದ್ದರು. ಅವರಿಗೆ ಬೇಸರವಾಗಲಿಲ್ಲ ಎಂದು ನಾನು ಹೇಳಲಾರೆ. ನಾನು ಫ್ಲಾಸ್ಕಿನಲ್ಲಿದ್ದ ಕಾಫಿ ಬಗ್ಗಿಸಿ ಕೊಟ್ಟೆ. ಕುಡಿದರು.

ಎರಡು ವರ್ಷ ಕಳೆದ ಮೇಲೆ ಅವರಿಗೂ ಬಡ್ತಿ ಬಂತು, ಸೇವೆಯ ಹಿರಿತನದ ಮೇಲೆ. ಅಷ್ಟರಲ್ಲಿ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ವಿದ್ಯಾರ್ಹತೆ ಸಾಲದೆಂದು ಮೇಸ್ತ್ರಿಯ ಹೆಸರು ಬಿಟ್ಟಿದ್ದರು. ಮಳವಳ್ಳಿಯವರು ನನ್ನಿಂದ ಇಬ್ಬನಿ ಲೇಖನದ ಉಲ್ಲೇಖಗಳ ಹಾಳೆಯ ಟೈಪ್ ಮಾಡಿದ ಪ್ರತಿ ತೆಗೆದುಕೊಂಡು, ಸ್ವತಃ ಬೆಂಗಳೂರಿಗೆ ಹೋದರು. ಏನು ಮಾತಾಡಿದರೋ ತಿಳಿಯದು. ಮುಂದಿನ ತಿಂಗಳು ಮೇಸ್ತ್ರಿಯನ್ನು ಕಾಯಂ ಮಾಡಿದ ಆದೇಶ ಬಂತು. ಅವರ ನಿವೃತ್ತಿಗೆ ಆರು ವರ್ಷ ಉಳಿದಿತ್ತು.